ಅಮಾಸಿ ದಿನದ ಗುದ್ದಲಿ

ಮೊದಲು ಒಲೆ ಅಗೆದರು.

ಬಂದವರು ಇಬ್ಬರು ಪೊಲೀಸರು. ನೀಲಾಳ ಗಂಡ ಭೀಮಶಿಯನ್ನು ಮಣ್ಣು ಮಾಡಿ ಇನ್ನೂ ದಿನಕಾರ್ಯ ಆಗಿರಲಿಲ್ಲ. ಅಗೆಯಲು ಅವರು ಏನೂ ತಂದಿರಲಿಲ್ಲ. ಮೂಲೆಯಲ್ಲಿದ್ದ ಭೀಮಶಿಯ ಗುದ್ದಲಿಯನ್ನೇ ಎತ್ತಿಕೊಂಡರು. ಬೆಳಿಗ್ಗೆ ಸಾರಿಸಿದ ಒಲೆ ಎರಡೇ ಏಟಿಗೆ ಬಾಯಿ ಬಿಟ್ಟಿತು. ಒಳಗೆ ಬೂದಿ ಇತ್ತು. ಬೂದಿಯ ಕೆಳಗೆ ಮಣ್ಣಿತ್ತು. ಮಣ್ಣಿನ ಕೆಳಗೆ ಮತ್ತೂ ಮಣ್ಣಿತ್ತು.

"ಎಲ್ಲಿ ಇಟ್ಟೀದಿ?"

"ಏನ್ರಿ?"

"ಕೋಟ್ಯಾಗ ಸಿಕ್ಕಿದ್ದು."

"ಕೋಟ್ಯಾಗ ನನ್ನ ಗಂಡನ ಹೆಣಾ ಸಿಕ್ತರಿ. ಅದನ್ನ ಹೂತ ಬಂದೇವಿ."

ಒಬ್ಬ ಮುಖ ಕೆಳಗೆ ಹಾಕಿದ. ಇನ್ನೊಬ್ಬ ಜೋಳದ ಗಡಿಗೆಯೊಳಗೆ ಮೊಳಕೈತನಕ ಕೈ ಇಳಿಸಿದ. ಹಾಸಿಗೆ ಕೊಡವಿದರು. ಮುದುಕಿ ದುರಗವ್ವನನ್ನು ಎಬ್ಬಿಸಿ ಅವಳ ಕೌದಿಯ ಕೆಳಗೂ ಅಗೆದರು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಸಿಟ್ಟು ಬಂತು. ನಿಧಿ ಅಗೆದ ಗುದ್ದಲಿ, ಕೇಸಿಗೆ ಬೇಕು ಅಂತ ಅದನ್ನು ಒಯ್ದರು.

ನೀಲಾ ಕೂತು ಕೈಯಿಂದಲೇ ತಗ್ಗು ಮುಚ್ಚಿದಳು. ಆ ರಾತ್ರಿ ಹೊರಗೆ ಕಲ್ಲು ಹೂಡಿ ರೊಟ್ಟಿ ಬಡಿದಳು.

ಊರಿಗೆ ಅಷ್ಟು ಸಾಕಾಯಿತು. ವಡ್ಡರ ಭೀಮಶಿ ಘಟ್ಟದ ಕೆಳಗ ಹಳೇ ಕೋಟ್ಯಾಗ ಅಮಾಸಿ ದಿನ ನಿಧಿ ಅಗಿಯಾಕ ಹೋಗಿದ್ನಂತ, ಕೊತ್ತಲ ಮೈಮ್ಯಾಲ ಬಿತ್ತಂತ. ಗಿರಣಿಯಲ್ಲಿ ಸಾವಕಾರ ಶಂಭುಲಿಂಗಪ್ಪನ ಹೆಂಡತಿ ಶಾರದವ್ವ ನೀಲಾಳ ಬುಟ್ಟಿಯೊಳಗೆ ಹಣಿಕಿ ಹಾಕಿದಳು.

"ಇನ್ನೂ ಜ್ವಾಳಾನ ಬೀಸಸ್ತೀಯಲ್ಲವಾ ನೀಲಾ? ಹೊನ್ನ ಸಿಕ್ಕಾವ್ರು ಗೋದಿ ಉಣ್ಣಬೇಕ."

ಗಿರಣಿಯ ಸಪ್ಪಳದೊಳಗೂ ಎಲ್ಲರಿಗೂ ಕೇಳಿಸಿತು. ಎಲ್ಲರೂ ನಕ್ಕರು. ನೀಲಾ ಹಿಟ್ಟು ಹೊತ್ತುಕೊಂಡು ಬಂದಳು. ಬಿಸಿ ಹಿಟ್ಟು ನೆತ್ತಿ ಸುಡುತ್ತಿತ್ತು. ಸುಡಲಿ ಅಂತ ಬಿಟ್ಟಳು.

ಆದದ್ದು ಬೇರೆಯೇ ಇತ್ತು.

ದುರಗವ್ವ ನೀಲಾಳಿಗೆ ತಾಯಿಯ ತಾಯಿ. ಭೀಮಶಿಗೆ ತಂದೆಯ ತಾಯಿ. ಸೋದರಮಾವನ ಮಗನನ್ನೇ ನೀಲಾ ಲಗ್ನವಾಗಿದ್ದಳು. ಅವಳೂ, ಅವಳ ತಮ್ಮ ಮಾಂತೇಶನೂ, ಭೀಮಶಿಯೂ ಆ ಒಂದೇ ಮುದುಕಿಯ ಮಗ್ಗುಲಲ್ಲಿ ಮಲಗಿ ಬೆಳೆದವರು. ಹಗಲೆಲ್ಲ ಮಂದಿಯ ಮಣ್ಣು ಹೊತ್ತು ಬಂದು, ಮುದುಕಿ ಕಾಲು ಚಾಚಿ ಕೂತು ಕತೆ ಬಿಚ್ಚುತ್ತಿದ್ದಳು. ಅವಳ ಕತೆಯೊಳಗೆ ಏಳು ಸುತ್ತಿನ ಕೋಟೆ. ಕೋಟೆಯಾಚೆ ಕಡಲು. ಕಡಲ ಅಂದ್ರ ಮುಗಲ ನೆಲಕ್ಕ ಮಲಕೊಂಡಂಗ, ಎದ್ರ ಏಳು ತಾಳಿಮರದ ಎತ್ತರ, ಅದರ ಬೆನ್ನ ಮ್ಯಾಲ ಬಿಳಿ ಕುದರಿ. ಹೀಗೆ ಹೇಳುವ ದುರಗವ್ವ ಕಲಘಟಗಿ ಸಂತೆ ದಾಟಿ ಆಚೆ ಹೋದವಳಲ್ಲ. ನೀಲಾ ದೊಡ್ಡವಳಾದಳು, ಬುಟ್ಟಿ ಹೊತ್ತಳು, ಆ ಕುದುರೆ ಮಾತ್ರ ಅವಳ ಕಣ್ಣಿನಿಂದ ಇಳಿಯಲಿಲ್ಲ. ಕೆರೆ ಹೂಳು ತೆಗೆಯುವಾಗ ಬುಟ್ಟಿ ತುಂಬಿದ್ದು ಗೊತ್ತಾಗದೆ ನಿಂತುಬಿಡುತ್ತಿದ್ದಳು. "ಎಲ್ಲಿಗ್ಹೋದಿಬೇ?" ಅಂತ ಭೀಮಶಿ ಒಂದು ಮಣ್ಣಹೆಂಟೆ ಒಗೆದು ನಗುತ್ತಿದ್ದ.

ಅದಕ್ಕೇ ಭತ್ತದ ಸುಗ್ಗಿ ಮುಗಿದು, ಹುಣ್ಣಿಮೆಯಾದ ಮೇಲೆ, ಶಂಭುಲಿಂಗಪ್ಪ ಓಣಿಗೆ ಬಂದು "ಘಟ್ಟದ ಕೆಳಗ ಕೋಟಿ ಕೆಲಸ ಐತಿ, ಬರ್ತೀರೇನಲೇ" ಅಂದಾಗ ಎಲ್ಲರಿಗಿಂತ ಮೊದಲು ಗಂಟು ಕಟ್ಟಿದವಳು ನೀಲಾ.

ಕೋಟೆ ಕತೆಯ ಹಾಗಿರಲಿಲ್ಲ. ಕೆಂಪು ಚಿರೇಕಲ್ಲಿನ ಗೋಡೆ. ಮೇಲಿನ ತೆನೆಗಳೆಲ್ಲ ಮುರಿದು ಮುದುಕನ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿದ್ದವು. ತೋಪು ಇಡುತ್ತಿದ್ದ ಕಿಂಡಿಗಳಿಂದ ಆಲದ ಬೇರು ಇಳಿದಿತ್ತು. ಗೋಡೆಯ ಸುತ್ತ ಕಂದಕ, ಕಂದಕದ ತುಂಬ ಹೂಳು. ಕಂದಕದ ಬಾಯಿ ಒಂದು ಹಿನ್ನೀರಿನ ಹಳ್ಳಕ್ಕೆ ತೆರೆದಿತ್ತು. ಅಲ್ಲಿ ಉಸುಕಿನ ಚೀಲ ಒಟ್ಟಿ ನೀರು ಕಟ್ಟಿದ್ದರು. ಕಡಲು ಆ ಹಳ್ಳದ ಆಚೆ, ಗಿಡಗಂಟಿಯ ಹಿಂದೆ ಎಲ್ಲೋ ಇತ್ತು. ಗಾಳಿಯೊಳಗೆ ಉಪ್ಪು ಬರುತ್ತಿತ್ತು. ಕಡಲು ಕಾಣುತ್ತಿರಲಿಲ್ಲ.

ಹೂಳು ತೆಗೆದು ಕೊತ್ತಲದ ಬುಡದ ಕಲ್ಲು ಕಾಣಿಸಬೇಕು, ಅದಕ್ಕೆ ಬಣ್ಣದ ದೀಪ ಬಿಡುತ್ತಾರೆ, ಮಂದಿ ನೋಡಲು ಬರುತ್ತಾರೆ ಅಂತ ಶಂಭುಲಿಂಗಪ್ಪ ಹೇಳಿದ. ದೊಡ್ಡ ಗುತ್ತಿಗೆ ಯಾರದೋ. ಮಣ್ಣಿನ ಗುತ್ತಿಗೆ ಇವನದು.

ಆ ಹೂಳು ಊರ ಕೆರೆಯ ಹೂಳಿನಂತಲ್ಲ. ಕರ್ರಗೆ, ಕೊಳೆತ ಮೀನಿನ ನಾತ. ಬುಟ್ಟಿಯಿಂದ ಸೋರಿ ಹಣೆ, ಮೂಗು, ಬಾಯಿಗೆ ಇಳಿಯುತ್ತಿತ್ತು. ಉಗುಳಿದಷ್ಟೂ ಉಪ್ಪು. ಒಳಗೆಲ್ಲ ಸಿಂಪಿಯ ಚಿಪ್ಪಿನ ಚೂರು. ಹೆಂಗಸರ ಹಿಮ್ಮಡಿ ಸೀಳಿ, ಸೀಳಿದ್ದರೊಳಗೆ ಉಪ್ಪುನೀರು ಹೊಕ್ಕು, ರಾತ್ರಿ ಕಾಲು ಎಲ್ಲಿ ಇಡಬೇಕು ತಿಳಿಯುತ್ತಿರಲಿಲ್ಲ.

"ಆಯಿ ಕತಿಯೊಳಗ ರಾಜಾ ಇದ್ದ, ರಾಣಿ ಇದ್ಲು, ಕುದರಿ ಇದ್ದುವು," ಅಂದಳು ಒಂದಿನ ನೀಲಾ. "ಈ ಕಂದಕ ಅಗದಾವ್ರು ಒಬ್ಬರೂ ಇರಲಿಲ್ಲ ನೋಡ."

"ಅವರು ಕತಿ ಹೊತ್ತಿಗೆ ಮಲಗಿರ್ತಾರ," ಅಂದ ಭೀಮಶಿ. "ದಣದಿರ್ತಾರಲ್ಲ."

ಅಮಾವಾಸ್ಯೆ ಬರಲಿ ಅಂತ ಎಲ್ಲರೂ ಕಾಯುತ್ತಿದ್ದರು. ಅಮಾವಾಸ್ಯೆ ದಿನ ವಡ್ಡರು ಭೂಮಿಗೆ ಗುದ್ದಲಿ ಹಾಕುವುದಿಲ್ಲ. ಅವತ್ತು ಭೂಮಿತಾಯಿಗೂ ಸೂಟಿ. ತಮ್ಮ ಗುದ್ದಲಿ, ಸಲಿಕೆ ತೊಳೆದು, ಅರಿಶಿಣ ಹಚ್ಚಿ, ಗೋಡೆಗೆ ಆನಿಸಿಡುವುದು ಹಿರೀಕರ ಕಾಲದಿಂದ ಬಂದ ಪದ್ಧತಿ. ಆ ದಿನ ಎಲ್ಲರೂ ಕೂಡಿ ಕಡಲು ನೋಡಲು ಹೋಗೋಣ ಅಂತ ಭೀಮಶಿ ಮಾತು ಕೊಟ್ಟಿದ್ದ. ಕೋಟೆಯ ಹತ್ತಿರ ಚಹಾ ಮಾರುವ ಶಮಾ ದಾರಿಯನ್ನೂ ಹೇಳಿದ್ದಳು. ನೀಲಾ ಒಂದು ಸೀರೆ ಒಗೆದು ಇಟ್ಟುಕೊಂಡಿದ್ದಳು.

ಅವತ್ತು ಬೆಳಿಗ್ಗೆ ಶಂಭುಲಿಂಗಪ್ಪನ ಗಾಡಿ ಬಂತು.

"ಮಂತ್ರಿ ಬರೂದು ಮುಂದಕ್ಕ ಬಂದೈತಿ. ಇವತ್ತ ಕೊತ್ತಲದ ಬುಡ ಬಿಡಸಬೇಕು."

"ಅಮಾಸಿರಿ ಸಾವಕಾರ್ರ," ಅಂದ ಓಣಿಯ ಹಿರಿಯ ಗುಡದಪ್ಪ. "ಇವತ್ತ ಮಣ್ಣ ಮುಟ್ಟೂದಿಲ್ರಿ ನಾವು."

"ಗೊತ್ತೈತಿ ಬಿಡೋ. ಈ ಒಂದ ಅಮಾಸಿ ಬಿಡ್ರಿ."

ಯಾರೂ ಏಳಲಿಲ್ಲ. ಶಂಭುಲಿಂಗಪ್ಪ ಸುತ್ತ ನೋಡಿದ. ಚಪ್ಪಲಿ ಬಿಟ್ಟ. ಧೋತರ ಮೇಲೆ ಕಟ್ಟಿದ. ನಕ್ಕ.

"ಮೊದಲ ಗುದ್ದಲಿ ನಾ ಹಾಕ್ತೇನಿ. ದೋಷ ಬಂದ್ರ ನನಗ ಬರಲಿ. ಆತಿಲ್ಲ? ಮಾಂತೇಶಾ, ತಾ ಇಲ್ಲೆ."

ಅರಿಶಿಣ ಹಚ್ಚಿದ ಗುದ್ದಲಿಯನ್ನು ಮಾಂತೇಶ ಕೊಟ್ಟ. ಶಂಭುಲಿಂಗಪ್ಪ ಕೊತ್ತಲದ ಬುಡಕ್ಕೆ ಒಂದು ಏಟು ಹಾಕಿದ. ಅಂಗೈಗೆ ಹತ್ತಿದ ಅರಿಶಿಣವನ್ನು ಗೋಡೆಗೆ ಒರೆಸಿದ. ಸಾವಕಾರ ತಾನೇ ದೋಷ ಹೊತ್ತ ಮೇಲೆ ಇನ್ನೇನು ಹೇಳುವುದು? ಗಂಡಸರು ಎದ್ದರು. ನೀಲಾ ಒಗೆದ ಸೀರೆಯನ್ನು ಮತ್ತೆ ಗಂಟಿಗೆ ಹಾಕಿ ತಲೆಗೆ ಸಿಂಬಿ ಇಟ್ಟಳು. ಅರ್ಧ ತಾಸಿಗೆ ಗಾಡಿ ಹೊರಟುಹೋಯಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಊಟಕ್ಕೆ ಮೇಲೆ ಬಂದರು. "ಎರಡ ಬುಟ್ಟಿ ಐತಿ, ಮುಗಿಸೇ ಬರ್ತೇನಿ," ಅಂತ ಭೀಮಶಿ ಒಬ್ಬನೇ ಕೆಳಗೆ ಉಳಿದ. ನೀಲಾ ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಆಗ ಉಸುಕಿನ ಚೀಲದ ಸಂದಿಯಿಂದ ನೀರು ಇಣುಕಿತು. ಸದ್ದಿಲ್ಲ, ಗದ್ದಲವಿಲ್ಲ. ಬೆಳ್ಳಗೆ ಹೊಳೆಯುತ್ತ ಕಂದಕದೊಳಗೆ ಬಂತು. ಬಿಸಿಲು ಚುರುಚುರು ಸುಡುತ್ತಿತ್ತು. ಮುಗಿಲೊಳಗೆ ಒಂದು ಮೋಡ ಇರಲಿಲ್ಲ.

ನೀಲಾ ಹೆದರಲಿಲ್ಲ. ನಾವು ಹೋಗಲಿಲ್ಲ ಅಂತ ಕಡಲೇ ನೋಡಲು ಬಂತು ಅಂದುಕೊಂಡಳು. ಅವಳಿಗೆ ನಗು ಬಂತು.

"ಭೀಮಶೀ, ನೀರ ಬಂತ ನೋಡ."

ಭೀಮಶಿ ಗುದ್ದಲಿ ನಿಲ್ಲಿಸಿದ. ಕಾಲ ಕೆಳಗೆ ನೋಡಲಿಲ್ಲ. ತಲೆ ಎತ್ತಿ ಮುಗಿಲು ನೋಡಿದ. ಅವರ ಸೀಮೆಯಲ್ಲಿ ನೀರು ಬರುವುದು ಮೇಲಿಂದ. ಮಳೆ ಇಲ್ಲದೆ ಹಳ್ಳ ಏರಿದ್ದನ್ನು ಆ ಓಣಿಯವರು ಯಾರೂ ಕಂಡಿರಲಿಲ್ಲ.

"ಮಾಡ ಇಲ್ಲ ಮಳಿ ಇಲ್ಲ, ಎಲ್ಲೀ ನೀರಬೇ? ಖಾರ ಹಚ್ಚಿಡ, ಬಂದೆ."

ಚೀಲಗಳು ಒಮ್ಮೆಲೇ ಮಗುಚಿದವು. ನೀರು ಬಂದು ಕೊತ್ತಲದ ಬೋಳು ಬುಡಕ್ಕೆ ತಾಗಿತು. ಒದ್ದೆ ಮಣ್ಣು ಜಾರಿತು. ಅದರ ಹಿಂದೆ ಕೆಂಪು ಕಲ್ಲು ಒಂದರ ಮೇಲೊಂದು, ಅವಸರವಿಲ್ಲದೆ, ಕೂತ ಮನುಷ್ಯ ಮಲಗಿದ ಹಾಗೆ, ಇಳಿದವು.

ಅವನ ಮೈಮೇಲಿನ ಕಲ್ಲು ಎತ್ತಿದವರು ಓಣಿಯವರೇ. ಉಗುರು ಕಿತ್ತು ಹೋದರೂ ಎತ್ತಿದರು. ಶಮಾ ಚಹಾದ ಒಲೆ ಬಿಟ್ಟು ಓಡಿಬಂದು ನೀಲಾಳನ್ನು ಹಿಡಿದುಕೊಂಡಳು. "ಅಮಾಸೆ ಭರತಿ ದೊಡ್ಡದಿರ್ತದೆ ಅಕ್ಕಾ. ಕಡಲು ಉಬ್ಬುವ ದಿನ ಇದು. ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ," ಅಂತ ಅತ್ತಳು.

ಸಂಜೆ ಶಂಭುಲಿಂಗಪ್ಪ ಬಂದ. ಹೆಣ ನೋಡಿದ, ಬಿದ್ದ ಕೊತ್ತಲ ನೋಡಿದ. ಬಾಜೂಕ ಹೋಗಿ ಯಾರು ಯಾರಿಗೋ ಫೋನ್ ಹಚ್ಚಿದ. ತಿರುಗಿ ಬರುವಷ್ಟರಲ್ಲಿ ಅವನ ಮಾತು ಬೇರೆಯಾಗಿತ್ತು. ಪೊಲೀಸರಿಗೆ ಅವನೇ ಹೇಳಿದ: "ಇವತ್ತ ಅಮಾಸಿ. ವಡ್ಡರು ಅಮಾಸಿ ದಿನ ಮಣ್ಣ ಮುಟ್ಟೂದಿಲ್ಲ, ಯಾರನ್ನರ ಕೇಳ್ರಿ. ಕೆಲಸಕ್ಕ ಸೂಟಿ ಇತ್ತು. ಅಂಥಾ ದಿನ ಇಂವಾ ಒಬ್ಬನ ಕೊತ್ತಲದ ಬುಡಕ ಯಾಕ ಗುದ್ದಲಿ ಹಾಕಿದ? ನೀವ ತಿಳಕೋರಿ."

ಅವರು ತಿಳಿದುಕೊಂಡರು. ಅಮಾವಾಸ್ಯೆ ದಿನ ಹಳೇ ಕೋಟೆ ಅಗೆಯುವವರು ಯಾರು? ನಿಧಿಗಳ್ಳರು.

ಹಿರೀಕರು ಬಿಟ್ಟುಹೋದದ್ದು ಓಣಿಯವರ ಹತ್ತಿರ ಹೆಚ್ಚೇನೂ ಇರಲಿಲ್ಲ. ಆ ಒಂದು ಪದ್ಧತಿ ಇತ್ತು. ಅದನ್ನು ಮುರಿಸಿದವನೇ ಅದನ್ನು ಹಿಡಿದು ಅವರನ್ನು ಹೊಡೆದ.

ಹೀಗಿದ್ದಾಗ ಸಾವು ಹೇಗಾಯಿತು ಅಂತ ಚೌಕಶಿ ಮಾಡಲು ಸಾಹೇಬ ಬರುತ್ತಾನೆ ಅಂತ ಸುದ್ದಿಯಾಯಿತು. ಹಿಂದಿನ ದಿನ ಶಂಭುಲಿಂಗಪ್ಪ ಗುಡದಪ್ಪನನ್ನು ಕರೆದುಕೊಂಡು ನೀಲಾಳ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಬರುವ ಪದ್ಧತಿ ಇರಲಿಲ್ಲ. ಅಂಗಳದಲ್ಲಿ ನಿಂತೇ ಮಾತಾಡಿದ, ಮೆತ್ತಗೆ ಮಾತಾಡಿದ.

"ನೋಡ ತಂಗಿ. ಕಳ್ಳ ಅನ್ನೂದು ನನಗೂ ಬ್ಯಾಡಾಗೇತಿ. ನಾಳೆ ಸಾಹೇಬ ಕೇಳಿದ್ರ, ಸೂಟಿ ಇತ್ತು, ನನ್ನ ಗಂಡ ಕಡಲ ನೋಡಾಕ ಹೊಂಟಿದ್ದ, ಹಾದ್ಯಾಗ ಗ್ವಾಡಿ ಬಿತ್ತು ಅಂತ ಹೇಳಿಬಿಡ. ನಿಧಿ ಕೇಸ್ ಅಲ್ಲಿಗೆ ಬಂದ್ ಮಾಡಸ್ತೇನಿ. ಮಾಂತೇಶಗ ನನ್ನ ಟ್ರ್ಯಾಕ್ಟರ್ ಕೊಡ್ತೇನಿ, ಹೊಡಕೊಂಡ ಇರಲಿ."

"ಏನಂತ ಹೇಳಬೇಕ್ರಿ?"

"ಕಡಲ ನೋಡಾಕ ಹೊಂಟಿದ್ದ ಅಂತ."

ನೀಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ಗಳಿಗೆ, ಒಂದೇ ಗಳಿಗೆ, ಅವಳ ಕಣ್ಣೊಳಗೆ ಅದು ನಡೆಯಿತು. ಭೀಮಶಿ ಅಂಗಿ ಹಾಕಿಕೊಂಡಿದ್ದಾನೆ. ಅವಳು ಒಗೆದ ಸೀರೆ ಉಟ್ಟಿದ್ದಾಳೆ. ಹಳ್ಳದ ದಂಡೆ ಹಿಡಿದು ಇಬ್ಬರೂ ಹೊರಟಿದ್ದಾರೆ. ಹಾಗೆ ಹೇಳಿದರೆ ಹಾಗೆ ಆಗಿದ್ದಂತೆಯೇ ಕಾಗದದೊಳಗೆ ಉಳಿಯುತ್ತದೆ. ಬೇಡ ಅನ್ನಲು ಅವಳಿಗೆ ಹೊತ್ತು ಹಿಡಿಯಿತು.

"ಕಡಲ ನೋಡಾಕ ಬಿಟ್ಟಿದ್ರ ಬದಕತಿದ್ನರಿ," ಅಂದಳು.

"ಹಟಾ ಮಾಡಬ್ಯಾಡ."

"ಹೇಳೂದಿಲ್ರಿ."

ಶಂಭುಲಿಂಗಪ್ಪ ಗುಡದಪ್ಪನ ಮುಖ ನೋಡಿದ. ಗುಡದಪ್ಪ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಹೋದಾಂವ ಹೋದನವಾ ನೀಲಾ. ಉಳದಾವ್ರು ಉಣ್ಣಬೇಕಲ್ಲ. ಕೋಟ್ಯಾಗ ಇದ್ದಾವ್ರನ್ನೆಲ್ಲ ನಿಧಿ ಕೇಸಿನ್ಯಾಗ ಹಾಕ್ತೇವಿ ಅಂತ ಪೊಲೀಸರು ಅಂದಾರ. ಯಾರ ಒಲಿ ಉಳೀತತಿ?"

"ನನ್ನ ಒಲಿ ಅಗದಾಗ ಎಲ್ಲಿದ್ದಿ ಕಾಕಾ?"

ಗುಡದಪ್ಪ ಸಾವಕಾರನ ಹಿಂದೆ ಅಂಗಳ ದಾಟಿದ.

ಮರುದಿನ ಪಂಚಾಯತಿಯ ಕೋಣೆ. ಸಾಹೇಬ ಮೇಜಿನ ಹಿಂದೆ. ಶಂಭುಲಿಂಗಪ್ಪ ಕುರ್ಚಿಯ ಮೇಲೆ. ಓಣಿಯವರು ನೆಲದ ಮೇಲೆ. ಕಿಟಕಿಯ ಹೊರಗೆ ಅರ್ಧ ಊರು. ಸಾಹೇಬ ಕೆಟ್ಟವನಲ್ಲ, ದಣಿದವನು. ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಿದ್ದ.

"ಅಮಾವಾಸ್ಯೆ ದಿನ ನೀವು ಮಣ್ಣು ಅಗೀತೀರೇನು?" ಅಂತ ಗುಡದಪ್ಪನನ್ನು ಕೇಳಿದ.

"ಇಲ್ರಿ," ಅಂದ ಗುಡದಪ್ಪ. ಸುಳ್ಳಲ್ಲ. ಅದಕ್ಕೇ ಸುಲಭವಾಗಿ ಬಾಯಿಂದ ಬಂತು.

"ನೋಡ್ರಿ ಮತ್ತ," ಅಂದ ಶಂಭುಲಿಂಗಪ್ಪ.

ನೀಲಾ ಎದ್ದು ನಿಂತಳು. "ಆ ದಿನ ಅಗದೇವ್ರಿ. ಎಲ್ಲಾರೂ ಅಗದೇವು. ಒಲ್ಲೆ ಅಂದ್ವಿ. ಈ ಸಾವಕಾರ್ರು ಚಪ್ಪಲಿ ಬಿಟ್ಟು ಮೊದಲ ಗುದ್ದಲಿ ತಾವ ಹಾಕಿದ್ರು. ದೋಷ ನನಗಿರಲಿ ಅಂದ್ರು. ಇವರ ಅಂಗೈಯಾಗ ಅರಿಶಿಣ ಹತ್ತಿತ್ತು. ಕೇಳ್ರಿ."

"ದುಃಖದಾಗ ಏನೇನೋ ಅಂತಾಳ ಪಾಪ," ಅಂದ ಶಂಭುಲಿಂಗಪ್ಪ. ಅವನ ಕೈ ಮಾತ್ರ ಮಡಿಚಿಕೊಂಡಿತ್ತು.

"ನೋಡಿದವರು ಯಾರಾದರೂ ಇದ್ದಾರೇನು?" ಸಾಹೇಬ ಕೇಳಿದ.

ಯಾರೂ ಇರಲಿಲ್ಲ. ಅಂದರೆ ಎಲ್ಲರೂ ಇದ್ದರು. ಕಲ್ಲು ಎತ್ತಿದವರು ಇದ್ದರು. ಉಗುರು ಇನ್ನೂ ಬಂದಿರದ ಬೆರಳುಗಳು ಮೊಣಕಾಲಿನ ಸಂದಿಯಲ್ಲಿ ಅಡಗಿದ್ದವು. ನೀಲಾ ಒಬ್ಬೊಬ್ಬರನ್ನೇ ನೋಡಿದಳು. ಕೊನೆಗೆ ತಮ್ಮನನ್ನು ನೋಡಿದಳು. ಮಾಂತೇಶ ನೆಲ ಕೆರೆಯುತ್ತಿದ್ದ. ಅವನಿಗೆ ಮೂರು ಮಕ್ಕಳು.

"ನಾ ಇದ್ನಿರಿ," ಅಂತ ಹಿಂದಿನಿಂದ ಒಂದು ದನಿ ಬಂತು.

ದುರಗವ್ವ. ಕೋಲು ಊರಿಕೊಂಡು ಎದ್ದಿದ್ದಳು.

"ನೀವು ಆ ಕೋಟೆಗೆ ಹೋಗಿದ್ರೇನಮ್ಮ?"

"ಇದ್ನಿರಿ ಸಾಹೇಬ್ರ. ಈ ಕಣ್ಣಿಲೆ ನೋಡೇನಿ. ಸಾವಕಾರ ಗುದ್ದಲಿ ಹಾಕಿದ್ದ ತಡ, ಏಳು ಸುತ್ತಿನ ಕೋಟಿ ಗುಡಗುಡು ಅಂತು. ಕಡಲ ಎದ್ದ ನಿಂತು. ಏಳು ತಾಳಿಮರದ ಎತ್ತರ ಇತ್ರಿ. ಅದರ ಮ್ಯಾಲ ಬಿಳಿ ಕುದರಿ ಬಂದುವು. ನನ್ನ ಮೊಮ್ಮಗ ಒಬ್ಬನ ಗುದ್ದಲಿ ಹಿಡದ ಎದರಿಗಿ ನಿಂತಿದ್ನರಿ. ಕಳ್ಳಾದ್ರ ಹಂಗ ನಿಲ್ತಾನೇನ್ರಿ?"

ಕಿಟಕಿಯ ಹೊರಗೆ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಿಲ್ಲ. ನಗು ಕಿಟಕಿ ದಾಟಿ ಒಳಗೆ ಬಂತು. "ಕುದರಿಗೆ ಲಗಾಮ ಇತ್ತೇನಬೇ ಮುದುಕಿ?" ಅಂತ ಒಬ್ಬ ಕೂಗಿದ. ಸಾಹೇಬನೂ ತುಟಿ ಕಚ್ಚಿಕೊಂಡು ಪೆನ್ನಿನ ಮುಚ್ಚಳ ಹಾಕಿದ. ಶಂಭುಲಿಂಗಪ್ಪ ದೊಡ್ಡದಾಗಿ ನಕ್ಕು, "ಸಾಕ್ಷಿ ಅಂದ್ರ ಇಂಥಾವು ನೋಡ್ರಿ ಸಾಹೇಬ್ರ," ಅಂದ.

ದುರಗವ್ವನಿಗೆ ನಗು ಯಾಕೆ ಅಂತ ತಿಳಿಯಲಿಲ್ಲ. ಮೊಮ್ಮಗನಿಗಾಗಿ ತನ್ನ ಹತ್ತಿರ ಇದ್ದುದರೊಳಗೆ ದೊಡ್ಡದನ್ನೇ ಅವಳು ಕೊಟ್ಟಿದ್ದಳು. ಅವಳ ಬಾಯಿ ತೆರೆದೇ ಇತ್ತು. ನೀಲಾಳಿಗೆ ಒಲೆ ಅಗೆದಾಗ ಆಗದ ನೋವು ಆಗ ಆಯಿತು.

"ಆಕಿ ಇರಲಿಲ್ರಿ."

ಮಾಂತೇಶ ಎದ್ದಿದ್ದ.

"ನಮ್ಮ ಆಯಿ ಅಲ್ಲಿ ಇರಲಿಲ್ಲ. ನಾ ಇದ್ದೆ. ಗುದ್ದಲಿ ಕೊಟ್ಟಾಂವ ನಾ." ಅವನು ಶಂಭುಲಿಂಗಪ್ಪನ ಕಡೆ ತಿರುಗಿದ. "ಸಾವಕಾರ್ರ, ಅರಿಶಿಣ ಎಲ್ಲಿ ಒರಸಿದ್ರಿ? ನಾ ಹೇಳ್ಲ್ಯಾ? ಗ್ವಾಡಿಗೆ. ಆ ಗ್ವಾಡೀನ ನಮ್ಮ ಭೀಮಶಿ ಮ್ಯಾಲ ಬಿತ್ತು. ಆಯೀನ ನೋಡಿ ನಗಬ್ಯಾಡ್ರಿ ಯಾರೂ. ನಗೂದಿದ್ರ ನನ್ನ ನೋಡಿ ನಗ್ರಿ. ಇಷ್ಟೊತ್ತನಾ ಬಾಯಿ ಮುಚಗೊಂಡ ಕುಂತಿದ್ದೆ."

ನಗು ನಿಂತಿತು. ಸಾಹೇಬ ಪೆನ್ನಿನ ಮುಚ್ಚಳ ತೆಗೆದ.

"ನಾಳಿಂದ ನನ್ನ ಹೊಲದ ದಂಡಿಗೂ ಬರಬ್ಯಾಡಲೇ," ಅಂದ ಶಂಭುಲಿಂಗಪ್ಪ, ಮೆತ್ತಗೆ.

"ಬರೂದಿಲ್ರಿ."

ಮೂರನೆಯವರು ಯಾರೂ ಏಳಲಿಲ್ಲ. ಗುಡದಪ್ಪನ ಹೆಗಲು ಒಮ್ಮೆ ಅಲುಗಿತು, ಅಷ್ಟೇ. ಸಾಹೇಬ ಹಾಳೆ ಎಳೆದುಕೊಂಡ. ಬರೆದು ಓದಿದ.

"ಸದರಿ ಭೀಮಶಿಯು ಆ ದಿವಸ ಗುತ್ತಿಗೆದಾರರು ಹೇಳಿದ ಪ್ರಕಾರ ಕೋಟೆಯ ಕಂದಕದಲ್ಲಿ ಕೆಲಸ ಮಾಡುತ್ತಿರುವಾಗ ಕೊತ್ತಲದ ಗೋಡೆ ಕುಸಿದು ಮೃತಪಟ್ಟಿರುವುದಾಗಿ ಇವರಿಬ್ಬರ ಹೇಳಿಕೆ ಇರುತ್ತದೆ. ಇದು ಬರೀ ಹೇಳಿಕೆ ಅಮ್ಮ. ಮುಂದಿನದು ಮೇಲಿನವರು ನೋಡ್ತಾರೆ. ಬರೋಬರಿ ಐತೇನು?"

"ಇನ್ನೊಮ್ಮೆ ಓದ್ರಿ," ಅಂದಳು ನೀಲಾ.

ಅವನು ಇನ್ನೊಮ್ಮೆ ಓದಿದ. ಕೆಲಸ ಮಾಡುತ್ತಿರುವಾಗ. ಆ ಮಾತಿಗಾಗಿ ಅವಳು ಇಷ್ಟು ದಿನ ಹಲ್ಲು ಕಚ್ಚಿಕೊಂಡು ಓಡಾಡಿದ್ದಳು. ಈಗ ಅದು ಸಿಕ್ಕಿತ್ತು. ಭೀಮಶಿ ಕಳ್ಳನಾಗಿ ಸತ್ತಿರಲಿಲ್ಲ, ಮಣ್ಣು ಅಗೆಯುತ್ತ ಸತ್ತಿದ್ದ. ಸಿಕ್ಕಿದ್ದು ಇಷ್ಟೇ. ಇಷ್ಟು ದಿನ ಅವನ ಸಲುವಾಗಿ ಜಗಳಾಡುವುದಿತ್ತು, ಅದಕ್ಕೆ ಅವನು ಇನ್ನೂ ಅಲ್ಲಿ ಇಲ್ಲಿ ಇದ್ದ. ಇನ್ನು ಅವನ ಸಲುವಾಗಿ ಮಾಡುವುದು ಏನೂ ಉಳಿದಿರಲಿಲ್ಲ.

ಸಹಿ ಮಾಡಲು ಬಗ್ಗಿದ ನೀಲಾ ಮೇಜಿನ ಕಾಲು ಹಿಡಿದು ಅಲ್ಲೇ ಕೂತಳು. ಅವಳ ಗಂಟಲಿನಿಂದ ಬಂದ ದನಿ ಕೇಳಿ ಕಿಟಕಿಯ ಹೊರಗಿದ್ದವರು ಹಿಂದಕ್ಕೆ ಸರಿದರು. ಹೆಣ ಇಳಿಸಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಕಳ್ಳನ ಹೆಂಡತಿ ಯಾರ ಮುಂದೆ ಅಳಬೇಕು?

"ಹೊರಗೆ ಕರಕೊಂಡು ಹೋಗ್ರಿ ಅವರನ್ನ," ಅಂದ ಸಾಹೇಬ. "ಅಲ್ಲಿ ನೆರಳಾಗ ಕೂಡಸ್ರಿ."

ಪಂಚಾಯತಿಯ ಜವಾನ ಅವಳ ರಟ್ಟೆಗೆ ಕೈ ಹಾಕಿದ. ನೀಲಾ ಕೊಸರಿಕೊಂಡಳು.

"ಇಲ್ರಿ. ನಾ ಇಲ್ಲೇ ಅಳಾಕಿ," ಅಂದಳು. "ಇವರ ಮುಂದನ ಅಳಾಕಿ."